ದೊರೆಯ ಗಂಡು ಕಾಡುಕುರಿ

ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಹಟಮಾರಿ ದೊರೆಯೊಬ್ಬರಿದ್ದರೆ ಸಾಕು, ವಾರಕ್ಕೊಂದು ಪ್ರಸಂಗ ತಾನಾಗಿ ಒದಗುತ್ತದೆ. ಬ್ರಿಟಿಷರ ಕಾಲದಲ್ಲಿ ಕೊಡಗಿನ ಶ್ರೀಮಂಗಲದ ಕಡೆ ನಾನು ಕೆಲಸಕ್ಕಿದ್ದ ತೋಟದ ದೊರೆ ಅಂಥವರು. ನಗು ಬಂದದ್ದೆಲ್ಲ ಆಮೇಲೆ. ಆಗ ನನಗೆ ಅಳುವೇ ಬರುತ್ತಿತ್ತು, ಯಾಕೆಂದರೆ ನನ್ನ ನಿಶ್ಚಿತಾರ್ಥ ಅವರ ಬೇಟೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು.

೧. ನಾಯಿಯ ಪಾಲು

ದೊರೆಯ ಊರು ಸ್ಕಾಟ್ಲೆಂಡ್. ಅಲ್ಲಿ ನಮ್ಮ ಕಾಡುಕುರಿಯ ಹಾಗೇ ಬೊಗಳುವ 'ರೋ' ಎಂಬ ಸಣ್ಣ ಜಿಂಕೆ ಇದೆಯಂತೆ. ಬೇಸಿಗೆ ಬಂತೆಂದರೆ ಅದರ ಗಂಡನ್ನು ಹೊಡೆಯುವ ಕಾಲ. ನಾಯಿ ಇಲ್ಲ, ಗದ್ದಲ ಇಲ್ಲ. ಒಬ್ಬನೇ ತೆವಳಿಕೊಂಡು ಹೋಗಿ, ಕೊಂಬು ನೋಡಿ, ಒಂದೇ ಗುಂಡು. ಇಲ್ಲಿಯೂ ಹಾಗೇ ಒಂದು ಗಂಡು ಕಾಡುಕುರಿ ಹೊಡೆಯುತ್ತೇನೆಂದು ಕ್ಲಬ್ಬಿನಲ್ಲಿ ಎಲ್ಲರ ಮುಂದೆ ಹೇಳಿ ಬಂದಿದ್ದರು. ಅವರ ಊರಿನ ಬೇಸಿಗೆ ಅಂದರೆ ನಮ್ಮ ಮುಂಗಾರು. ಅದನ್ನು ಹೇಳಿದರೆ ಕೇಳುವವರು ಯಾರು?

ದಾರಿ ತೋರಿಸಲು ಕಾಡು ಬಲ್ಲ ಕೊಡವ ಅಜ್ಜ ಒಬ್ಬರನ್ನು ಕರೆಸಿದರು. ಇಬ್ಬರ ನಡುವೆ ಮಾತು ಸಾಗಿಸುವುದು ನನ್ನ ಕೆಲಸ.

"ನಾಯಿ ಬೇಡವಂತೆ, ಅಜ್ಜ," ಅಂದೆ.

"ಬೇಟೆ ಬಿದ್ದರೆ ನಮ್ಮಲ್ಲಿ ನಾಯಿಗೂ ಒಂದು ಪಾಲು ಉಂಟು. ದೊರೆಯ ಊರಲ್ಲಿ ನಾಯಿ ಏನು ತಿಂತದೆ, ಕೇಳು."

ಕೇಳಿದೆ. "ಬಿಸ್ಕತ್ತು," ಅಂದರು ದೊರೆ.

ಅಜ್ಜ ತಲೆದೂಗಿದರು. "ಹಾಗೆ ಹೇಳಿ ಮತ್ತೆ. ಬಿಸ್ಕತ್ತು ತಿನ್ನುವ ನಾಯಿ ಕಾಡಿಗೆ ಯಾಕೆ ಬರ್ತದೆ!"

೨. ಸೋಪು

ಅದೇ ಹೊತ್ತಿಗೆ ನಾಪೋಕ್ಲು ಹತ್ತಿರ ನನಗೆ ಹೆಣ್ಣು ಗೊತ್ತಾಯಿತು. ಆಟಿ ತಿಂಗಳು ಹುಟ್ಟಿದರೆ ಶುಭಕಾರ್ಯ ಮಾಡುವ ಹಾಗಿಲ್ಲ, ಅದಕ್ಕೆ ಮೊದಲೇ ನಿಶ್ಚಿತಾರ್ಥ ಮುಗಿಯಬೇಕು, ಇಲ್ಲದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಹೆಣ್ಣಿನವರು ಹೇಳಿಕಳಿಸಿದರು. ರಜೆ ಕೇಳಲು ಹೋದೆ.

"ಮೊದಲು ಗಂಡು ಬೀಳಲಿ, ರೈಟರ್. ಆಮೇಲೆ ರಜೆ," ಅಂದರು ದೊರೆ.

ಬೀಳಬೇಕಾದ ಗಂಡು ಯಾವುದೆಂದು ಗೊತ್ತಿದ್ದರೂ ಎದೆ ಝಲ್ಲೆಂದಿತು.

ದಿನಾ ಬೆಳಿಗ್ಗೆ ಮಳೆಯಲ್ಲಿ ಹೊಟ್ಟೆಯ ಮೇಲೆ ತೆವಳಿದೆವು. ದೊರೆ ಮುಂದೆ, ನಾನು ಹಿಂದೆ. ಇಂಬಳಗಳು ಕಚ್ಚಿ ರಕ್ತ ಕುಡಿದು ತಾವಾಗಿ ಉದುರಿದರೂ ದೊರೆ ಅಲುಗಾಡುತ್ತಿರಲಿಲ್ಲ. ಕಾಡುಕುರಿ ಮಾತ್ರ ಒಂದು ಸಲ ಬೊಗಳಿ ಮಾಯವಾಗುತ್ತಿತ್ತು.

"ದೊರೆಯ ಸೋಪಿನ ವಾಸನೆ ಕುಟ್ಟ ಪೇಟೆಯವರೆಗೆ ಹೋಗ್ತದೆ. ಕಾಡುಕುರಿಗೆ ಮೂಗಿಲ್ವಾ?" ಅಂದರು ಅಜ್ಜ.

ದೊರೆ ಅಂದಿನಿಂದಲೇ ಸೋಪು ಬಿಟ್ಟರು. ಹದಿನೈದು ದಿನ ಮುಟ್ಟಲಿಲ್ಲ. ಕಾಡುಕುರಿ ಹತ್ತಿರ ಬರಲಿಲ್ಲ, ದೊರೆಸಾನಿಯೂ ಬರಲಿಲ್ಲ.

೩. ಎಲೆ

ಆಮೇಲೆ ದೊರೆಗೆ ತಮ್ಮ ಊರಿನ ಇನ್ನೊಂದು ಉಪಾಯ ನೆನಪಾಯಿತು. ಎಲೆಯೊಂದನ್ನು ತುಟಿಗಿಟ್ಟು ಊದಿದರೆ ಹೆಣ್ಣು ಕರೆದಂತೆ ಕೇಳಿಸುತ್ತದೆ, ಗಂಡು ಓಡಿ ಬರುತ್ತದೆ. ಪೊದೆಯೊಳಗೆ ಮಲಗಿ "ಪೀ... ಪೀ..." ಎಂದು ಊದಿದರು. ಸ್ವಲ್ಪ ಹೊತ್ತಿಗೆ ಎದುರಿನ ಗಿಡ ಅಲುಗಿತು. ದೊರೆ ಇನ್ನೂ ಜೋರಾಗಿ ಊದಿದರು. ನಾನು ಮನಸ್ಸಿನಲ್ಲೇ ನಿಶ್ಚಿತಾರ್ಥಕ್ಕೆ ಹೊರಟುಬಿಟ್ಟಿದ್ದೆ.

ಗಿಡ ಸರಿಸಿ ಬಂದವಳು ಕೂಲಿಯವರ ಲೈನಿನಲ್ಲಿದ್ದ ಮುದುಕಿ, ಕೈಯಲ್ಲಿ ದೊಣ್ಣೆ. "ಯಾರೋ ಅದು, ನನ್ನ ಆಡಿನ ಮರಿ ಹಿಡ್ಕೊಂಡಿರೋದು?"

ಎಲೆ ಬಾಯಲ್ಲಿಟ್ಟುಕೊಂಡೇ ದೊರೆ ಅವಳನ್ನು ನೋಡಿದರು. ಅವಳು ದೊಣ್ಣೆ ಇಳಿಸಿ, ಕೈಮುಗಿದು, ಹಿಂದೆ ಹಿಂದೆಯೇ ಸರಿದು ಹೋದಳು. ಮಧ್ಯಾಹ್ನದೊಳಗೆ ಲೈನಿಗೆಲ್ಲ ಸುದ್ದಿ: "ಪಾಪ, ಬಂಗಲೆಯಲ್ಲಿ ದೊರೆಗೆ ಊಟ ಹಾಕ್ತಿಲ್ಲ. ಕಾಡಲ್ಲಿ ಸೊಪ್ಪು ತಿಂತಿದ್ದಾರೆ."

೪. ಡೇಲಿಯಾ

ಆಟಿಗೆ ನಾಲ್ಕೇ ದಿನ ಉಳಿದಿತ್ತು. ಬೆಳಿಗ್ಗೆ ನಾನೂ ಅಜ್ಜನೂ ಬಂಗಲೆಗೆ ಹೋದರೆ ದೊರೆಸಾನಿ ಜಗಲಿಯಲ್ಲಿ ಪಿಸುದನಿಯಲ್ಲೇ ಬೈಯುತ್ತಿದ್ದರು. ಅಂಗಳದಾಚೆಯ ಹೂತೋಟದಲ್ಲಿ, ಮೂವತ್ತು ಹೆಜ್ಜೆ ದೂರದಲ್ಲಿ, ಒಳ್ಳೆಯ ಕೊಂಬಿನ ಗಂಡು ಕಾಡುಕುರಿ ಡೇಲಿಯಾ ತಿನ್ನುತ್ತಿತ್ತು.

"ಹೊಡಿ!" ಅಂದರು ದೊರೆಸಾನಿ.

ದೊರೆ ಕೋವಿ ತಂದರು. ನೋಡಿದರು. ಇಳಿಸಿದರು. "ಜಗಲಿಯಿಂದ ಹೊಡೆದರೆ ಅದು ಬೇಟೆಯಲ್ಲ. ತೆವಳಿಯೇ ಹೋಗಬೇಕು. ಬಾ, ರೈಟರ್."

ಅಜ್ಜನನ್ನು ಜಗಲಿಯಲ್ಲೇ ಬಿಟ್ಟು, ಹಿಂಬಾಗಿಲಿನಿಂದ ಇಳಿದು, ಕುದುರೆ ಲಾಯ ಬಳಸಿ, ಗಾಳಿ ನೋಡಿ, ಎಲೆಕೋಸಿನ ಮಡಿಯೊಳಗೆ ತೆವಳತೊಡಗಿದೆವು. ಕೆಸರು ಗಲ್ಲದವರೆಗೆ ಬಂತು. ಹೋಗಲಿ, ಇವತ್ತು ಬಿದ್ದರೆ ನಾಳೆಯೇ ಹೊರಡಬಹುದು ಎಂದುಕೊಂಡು ನಾನೂ ಹಲ್ಲುಕಚ್ಚಿ ತೆವಳಿದೆ. ಇನ್ನು ಹತ್ತು ಮಾರು. ದೊರೆ ಕೋವಿ ಎತ್ತಿದರು.

ಢಂ!

ಕಾಡುಕುರಿ ಬಿತ್ತು. ದೊರೆ ತಮ್ಮ ಕೋವಿಯನ್ನೇ ನೋಡಿಕೊಂಡರು. ಅವರದು ಹಾರಿರಲಿಲ್ಲ. ಜಗಲಿಯಲ್ಲಿ ದೊರೆಸಾನಿಯ ಕೈಯಲ್ಲಿದ್ದ ಕೋವಿಯ ಬಾಯಲ್ಲಿ ಹೊಗೆ.

"ಗಂಡು ಬಿತ್ತು. ರೈಟರಿಗೆ ರಜೆ," ಎಂದು ದೊರೆಸಾನಿ ಅಲ್ಲಿಂದಲೇ ಕೂಗಿದರು. ನನ್ನ ಕಣ್ಣಲ್ಲಿ ನೀರು ಬಂತು.

ದೊರೆ ಮೈತುಂಬ ಕೆಸರಿನಲ್ಲಿ ಮೆಟ್ಟಿಲ ಬಳಿ ಹೋಗಿ ಗಂಭೀರವಾಗಿ ಕೇಳಿದರು: "ಗುರಿಯಿಡುವ ಮುಂಚೆ ಅದು ಏನೆಂದು ಸರಿಯಾಗಿ ನೋಡಿಕೊಂಡೆಯಾ?"

"ಎರಡನೇ ಸಲ ನೋಡಿಕೊಂಡೆ," ಅಂದರು ದೊರೆಸಾನಿ. "ಮೊದಲು ಗುರಿಯಿಟ್ಟದ್ದು ಕೋಸಿನ ಮಡಿಯಲ್ಲಿದ್ದ ಎರಡು ಹಂದಿಗೆ. ಅದರಲ್ಲಿ ಹಿಂದಿನದನ್ನು ತೋರಿಸಿ 'ರೈಟರ್' ಅಂತ ಈ ಅಜ್ಜ ಹೇಳಿದ್ದರಿಂದ ಬಿಟ್ಟೆ."