ಮೂರು ಸಾವಿರದ ಒಂದನೆಯ ಅಂಗಿ

ಗಂಜಿಯಣ್ಣ ಬಟ್ಟೆ ಒಣಹಾಕುವ ಹಗ್ಗ ನೋಡಲು ಅಸಹ್ಯವಾಗಿದೆ ಎಂದು ಬಿಚ್ಚಿಸಿದವರೇ ಅದೇ ಚೌಕದಲ್ಲಿ ನಲವತ್ತು ಹಗ್ಗ ಕಟ್ಟಿ ಮೂರು ಸಾವಿರ ಬಿಳಿ ಅಂಗಿ ನೇತುಹಾಕಿಸಿದರು. ತಾಪತ್ರಯ ಶುರುವಾದದ್ದು ಅಲ್ಲಿಂದ.

ಚೌಕದ ಮೂಲೆಯ ಮರದಡಿಯಲ್ಲಿ ಗಂಜಿಯಣ್ಣ ಇಸ್ತ್ರಿಯ ಗೂಡಂಗಡಿ ಇಟ್ಟು ಇಪ್ಪತ್ತಾರು ವರ್ಷವಾಗಿತ್ತು. ಮೇಲೆ ತಗಡು, ಮೂರು ಕಡೆ ಹಲಗೆ, ಒಳಗೆ ಕಂಬಳಿ ಹಾಸಿದ ಮೇಜು, ಮೇಜಿನ ಮೇಲೆ ಅಪ್ಪನ ಕಾಲದ ಇದ್ದಿಲಿನ ಇಸ್ತ್ರಿಪೆಟ್ಟಿಗೆ. ಗಂಜಿ ಹಾಕುವುದರಲ್ಲಿ ಅವನದು ಧಾರಾಳದ ಕೈ. ಅವನ ಕೈಯಿಂದ ಬಂದ ಅಂಗಿ ತೊಟ್ಟವರಿಗೆ ಬಗ್ಗಿ ಚಪ್ಪಲಿ ಹಾಕಿಕೊಳ್ಳುವುದೇ ಒಂದು ಸಾಹಸವಾಗುತ್ತಿತ್ತು. ಹೀಗಾಗಿ ಅವನ ಹುಟ್ಟುಹೆಸರು ಎಲ್ಲರಿಗೂ ಮರೆತುಹೋಗಿ ಈ ಹೆಸರೇ ಗಟ್ಟಿಯಾಗಿತ್ತು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು.

ಅಂಗಿಗಳನ್ನು ತೂಗುಹಾಕಿಸಿದ್ದು ದೂರದಿಂದ ಬಂದ ಒಬ್ಬ ದೊಡ್ಡ ಕಲಾವಿದೆ. ನಗರಸಭೆ ಅದಕ್ಕೆ ಎರಡು ಕೋಟಿ ಸುರಿದಿತ್ತು. ಕಲಾಕೃತಿಯ ಹೆಸರು 'ಗೈರುಹಾಜರಿ'. ಅಂಗಿಗಳಿವೆ, ತೊಡುವ ಮನುಷ್ಯರಿಲ್ಲ, ಅದನ್ನು ಕಂಡು ನೋಡುಗರ ಮನಸ್ಸು ಕಲಕಬೇಕು ಎಂದು ಕರಪತ್ರದಲ್ಲಿ ಅಚ್ಚಾಗಿತ್ತು. ಗಂಜಿಯಣ್ಣನ ಮನಸ್ಸನ್ನು ಕಲಕಿದ್ದು ಮಾತ್ರ ಕರಪತ್ರದ ಬೆನ್ನಿಗೇ ಬಂದ ಇನ್ನೊಂದು ಕಾಗದ. ಗೂಡಂಗಡಿ ದೃಶ್ಯಕ್ಕೆ ಅಡ್ಡಿಯಾಗಿದೆ, ಏಳು ದಿನದೊಳಗೆ ತೆರವು ಮಾಡತಕ್ಕದ್ದು ಎಂದು ಅದರಲ್ಲಿತ್ತು.

ಅವನು ಓಡಿದ್ದು ನಗರಸಭೆಯ ಅಧ್ಯಕ್ಷರ ಮನೆಗೆ. ಅಧ್ಯಕ್ಷರು ಎಲ್ಲವನ್ನೂ ಕೇಳಿಸಿಕೊಂಡು, ಒಳಗಿನಿಂದ ಒಂದು ಬಿಳಿ ಅಂಗಿ ತರಿಸಿದರು. ಮೂರು ಚುನಾವಣೆ ಗೆದ್ದದ್ದು ಆ ಅಂಗಿ ತೊಟ್ಟೇ. ಬೇರೆ ಅಂಗಿ ತೊಟ್ಟು ವೇದಿಕೆ ಹತ್ತಿದರೆ ಅವರಿಗೆ ಮಾತೇ ಹೊರಡುತ್ತಿರಲಿಲ್ಲ. ತಮ್ಮದು ಹೌದೋ ಅಲ್ಲವೋ ಎಂದು ಕಾಲರಿನ ಒಳಗೆ ಗಂಜಿಯಣ್ಣ ಹಾಕಿದ ಮಸಿಯ ಗುರುತು ನೋಡಿಯೇ ತೊಡುವಷ್ಟು ಅದರ ಮೇಲೆ ನಂಬಿಕೆ. ಅವರ ಮನೆಯ ಗುರುತು ಎರಡು ಚುಕ್ಕೆ, ಒಂದು ಬಾಲ.

"ಉದ್ಘಾಟನೆ ದಿನ ನಿನ್ನ ಅಂಗಡಿ ವಿಷಯ ವೇದಿಕೆ ಮೇಲೇ ತೀರ್ಮಾನ ಮಾಡ್ತೀನಿ. ಆದ್ರೆ ಅವತ್ತು ನಾಲ್ಕು ಗಂಟೆಗೆ ಈ ಅಂಗಿ ನನ್ನ ಕೈಲಿರ್ಬೇಕು. ಕಾಲರ್ ಕಡ್ಡಿ ಹಂಗೆ ನಿಂತಿರ್ಬೇಕು," ಎಂದರು ಅಧ್ಯಕ್ಷರು.

ಉದ್ಘಾಟನೆಯ ದಿನ ಬೆಳಿಗ್ಗೆ ಆರೂವರೆಗೆ ಗಂಜಿಯಣ್ಣ ಆ ಅಂಗಿಯನ್ನು ಗಂಜಿಯಲ್ಲಿ ಒಂದಲ್ಲ, ಎರಡು ಸಲ ಅದ್ದಿ, ಹಿಂಡಿಕೊಂಡು ಹೊರಬಂದು ಅಭ್ಯಾಸಬಲದಿಂದ ಮರದ ಕಡೆ ಕೈಚಾಚಿದ. ಹಗ್ಗವಿರಲಿಲ್ಲ. ಹಿಂದಿನ ದಿನವೇ ಅದನ್ನು ಬಿಚ್ಚಿ ಸುರುಳಿ ಸುತ್ತಿ ಅವನ ಕೈಗೆ ಕೊಟ್ಟು ಹೋಗಿದ್ದರು. ಗಂಜಿ ಹಾಕಿದ ಬಟ್ಟೆ ಮೊದಲು ಬಿಸಿಲಿಗೆ ಒಣಗಿ ಹಲಗೆಯಾಗಬೇಕು, ಆಮೇಲೆ ನೀರು ಚಿಮುಕಿಸಿ ಇಸ್ತ್ರಿ ಎಳೆಯಬೇಕು. ಕೈಯಲ್ಲಿ ಹಿಡಿದುಕೊಂಡು ನಿಂತರೆ ಆಗುವ ಕೆಲಸವಲ್ಲ. ಕಲಾಕೃತಿಯ ನಲವತ್ತು ಹಗ್ಗಗಳು ಆಗ ಇನ್ನೂ ಎದೆಮಟ್ಟದಲ್ಲಿ ಜೋತುಬಿದ್ದಿದ್ದವು. ಕೆಲಸದವರು ಟೀ ಕುಡಿಯಲು ಹೋಗಿದ್ದರು. ಒಂದು ಹಗ್ಗದ ತುದಿಯಲ್ಲಿ ಒಂದು ಮೊಳ ಜಾಗ ಖಾಲಿಯಿತ್ತು. ಮೂರು ಸಾವಿರದ ನಡುವೆ ಒಂದು ಅಂಗಿ ಅರ್ಧ ಗಂಟೆ ಇದ್ದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡು ಅಧ್ಯಕ್ಷರ ಅಂಗಿಯನ್ನು ಅಲ್ಲಿ ನೇತುಹಾಕಿ, ಎರಡು ಕ್ಲಿಪ್ಪು ಸಿಕ್ಕಿಸಿ, ಇದ್ದಿಲು ಹೊತ್ತಿಸಲು ಗೂಡಿಗೆ ಹೋದ.

ಇದ್ದಿಲಿಗೆ ಅಂದೇ ಹಟ ಬಂದಿತ್ತು. ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡು ಅವನು ಹೊರಗೆ ಬರುವಷ್ಟರಲ್ಲಿ ಕ್ರೇನು ತನ್ನ ಕೆಲಸ ಮುಗಿಸಿ ಹಿಂದಕ್ಕೆ ಸರಿಯುತ್ತಿತ್ತು. ನಲವತ್ತು ಹಗ್ಗಗಳೂ ಎರಡು ಮಹಡಿಯ ಎತ್ತರಕ್ಕೆ ಏರಿದ್ದವು. ಮೇಲೆ ನೋಡಿದರೆ ಆಕಾಶದ ತುಂಬ ಅಂಗಿಗಳ ತಳ. ಯಾವುದು ಯಾರದೆಂದು ತಿಳಿಯುವಂತಿರಲಿಲ್ಲ.

ಕಲಾಕೃತಿಗೆ ಒಬ್ಬ ಕಾವಲುಗಾರನಿದ್ದ. ಅವನು ತೊಟ್ಟಿದ್ದ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದ್ದು ಗಂಜಿಯಣ್ಣನೇ ಆದ್ದರಿಂದ ಸ್ವಲ್ಪ ದಾಕ್ಷಿಣ್ಯ ತೋರಿಸಿಯಾನೆಂದು ನಂಬಿ ಎಲ್ಲವನ್ನೂ ಹೇಳಿಕೊಂಡ. ಆದರೆ ಕಾವಲುಗಾರನಿಗೆ ಕೆಲಸ ಸಿಕ್ಕಿ ಇನ್ನೂ ಮೂರೇ ದಿನವಾಗಿತ್ತು.

"ಮೂರು ಸಾವಿರ ಅಂಗಿ ಅಂತ ನನ್ನ ಹತ್ರ ಸಹಿ ಹಾಕಿಸ್ಕೊಂಡಿದ್ದಾರೆ ಗಂಜಿಯಣ್ಣ. ಒಂದು ಒಳಗೆ ಬರೋ ಹಂಗಿಲ್ಲ, ಒಂದು ಹೊರಗೆ ಹೋಗೋ ಹಂಗಿಲ್ಲ."

ಒಂದು ಆಗಲೇ ಒಳಗೆ ಬಂದಿದೆಯಲ್ಲ, ಈಗ ಮೂರು ಸಾವಿರದ ಒಂದಿದೆ ಎಂದು ಗಂಜಿಯಣ್ಣ ವಾದಿಸಿದ. ಹಾಗಾದರೆ ಎಣಿಸಿ ತೋರಿಸು ಎಂದ ಕಾವಲುಗಾರ.

ಗಂಜಿಯಣ್ಣ ಕತ್ತೆತ್ತಿ ಎಣಿಸತೊಡಗಿದ. ಒಬ್ಬ ಮನುಷ್ಯ ನಡುಬೀದಿಯಲ್ಲಿ ಆಕಾಶಕ್ಕೆ ಬೆರಳು ಮಾಡಿ ನಿಂತರೆ ಹತ್ತು ಜನ ಸೇರದೆ ಇರುತ್ತಾರೆಯೇ? ಮೊದಲು ಬಂದವರು ನಿವೃತ್ತ ಗಣಿತದ ಮೇಷ್ಟ್ರು. ಎರಡು ಕೋಟಿಯಲ್ಲಿ ಎಷ್ಟು ಮೈಲಿ ಚರಂಡಿ ಮಾಡಿಸಬಹುದಿತ್ತು ಎಂಬ ಲೆಕ್ಕವನ್ನು ಅವರು ಒಂದು ವಾರದಿಂದ ಸಿಕ್ಕಸಿಕ್ಕವರಿಗೆಲ್ಲ ಒಪ್ಪಿಸುತ್ತಿದ್ದರು. ಗಂಜಿಯಣ್ಣ ಎಂಟುನೂರ ಹನ್ನೆರಡಕ್ಕೆ ಬಂದಿದ್ದಾಗ ಆ ಲೆಕ್ಕ ಅವನ ಕಿವಿಗೂ ಬಿತ್ತು. ಅವನು ಮತ್ತೆ ಒಂದರಿಂದ ಶುರು ಮಾಡಬೇಕಾಯಿತು.

ಆಮೇಲೆ ಹೂವಿನಂಗಡಿಯ ಅಕ್ಕ ಬಂದಳು. "ವಾರಕ್ಕೆರಡು ಸಲ ನಮ್ಮನೆ ತಾರಸಿ ಮೇಲೆ ನಾನೂ ಈ ಕಲೆ ಮಾಡ್ತೀನಿ. ನಮ್ಮ ಯಜಮಾನ್ರು ಒಂದ್ಸಲಾನೂ ನಿಂತು ನೋಡಿಲ್ಲ," ಎಂದಳು. ಸುತ್ತಲಿದ್ದ ಹೆಂಗಸರೆಲ್ಲ ತಲೆದೂಗಿದರು. ಒಬ್ಬರು ಗುಂಡಿ ಕಿತ್ತುಹೋದ ಅಂಗಿಗಳನ್ನು ಪಟ್ಟಿ ಮಾಡಿದರು. ಇನ್ನೊಬ್ಬರು ಬೆಳ್ಳಗಾಗಿಸಲು ಸೋಪು ಸಾಲದೆಂದು ತೀರ್ಪು ಕೊಟ್ಟರು. ಎಲ್ಲರೂ ಎಣಿಸಲು ನೆರವಾದದ್ದರಿಂದ ಹನ್ನೊಂದು ಗಂಟೆಯ ಹೊತ್ತಿಗೆ ಎರಡು ಸಾವಿರದ ಒಂಬೈನೂರರಿಂದ ಮೂರು ಸಾವಿರದ ಎಪ್ಪತ್ತರವರೆಗೆ ಆರು ಬೇರೆ ಬೇರೆ ಮೊತ್ತ ಸಿದ್ಧವಾಗಿದ್ದವು. ಮೇಷ್ಟ್ರು ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆಯೋಣ ಎಂದರು.

ಅಷ್ಟರಲ್ಲಿ ಗಾಳಿ ಎದ್ದಿತು. ಮೂರು ಸಾವಿರ ಅಂಗಿಗಳು ಒಟ್ಟಿಗೆ ಪಟಪಟನೆ ಹಾರಾಡಿದವು, ತೋಳು ಬೀಸಿದವು, ಒಂದರ ಮೇಲೊಂದು ಬಿದ್ದವು. ಒಂದು ಅಂಗಿ ಮಾತ್ರ ಅಲುಗಲಿಲ್ಲ. ಮರದ ಕಡೆಯ ಹಗ್ಗದ ತುದಿಯಲ್ಲಿ ಅದು ತೋಳುಗಳನ್ನು ಎರಡೂ ಪಕ್ಕಕ್ಕೆ ಚಾಚಿ ಬಾಗಿಲಿನ ಹಲಗೆಯಂತೆ ನೆಟ್ಟಗೆ ನಿಂತಿತ್ತು. ಗಂಜಿಯಣ್ಣನ ಕಣ್ಣಲ್ಲಿ ನೀರು ಬಂತು. ತನ್ನ ಗಂಜಿಯನ್ನು ಅವನು ಎಲ್ಲಿದ್ದರೂ ಗುರುತು ಹಿಡಿಯಬಲ್ಲ.

ಅದನ್ನು ಕಂಡದ್ದು ಅವನೊಬ್ಬನೇ ಅಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಚರಂಡಿಯ ಲೆಕ್ಕ ಅವರ ಬಾಯಿಂದ ಮಾಯವಾಯಿತು.

"ಈಗ ಅರ್ಥ ಆಯ್ತು. ಊರೆಲ್ಲ ಗಾಳಿ ಬಂದ ಕಡೆ ತೂಗುತ್ತೆ. ಒಬ್ಬ ಮಾತ್ರ ಬಗ್ಗಲ್ಲ. ಆ ಒಬ್ಬನಿಗೋಸ್ಕರ ಆ ತಾಯಿ ಇಷ್ಟೆಲ್ಲ ಕಟ್ಟಿದ್ದಾಳೆ," ಎಂದರು.

ಸುದ್ದಿ ಬೀದಿಬೀದಿಗೆ ಹಬ್ಬಿತು. ಬೆಳಿಗ್ಗೆಯಿಂದ ಬೈಯುತ್ತಿದ್ದವರು ಮನೆಯವರನ್ನೆಲ್ಲ ಕರೆತಂದು ಬಗ್ಗದ ಅಂಗಿಯನ್ನು ತೋರಿಸತೊಡಗಿದರು. ಹೂವಿನಂಗಡಿಯ ಅಕ್ಕ ತೀರಿಹೋದ ತನ್ನ ಅಪ್ಪ ಥೇಟ್ ಹೀಗೇ ನಿಲ್ಲುತ್ತಿದ್ದರೆಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದು ಬರೀ ಗಂಜಿ, ಎರಡು ಸಲ ಅದ್ದಿದ್ದು ಎಂದು ಗಂಜಿಯಣ್ಣ ಹೇಳಿದರೆ, ಇವನಿಗೆ ಇಸ್ತ್ರಿ ಬಿಟ್ಟು ಬೇರೇನು ಗೊತ್ತು ಎಂದು ಜನ ನಕ್ಕರು.

ಗಂಟೆ ಒಂದಾಯಿತು. ಅಧ್ಯಕ್ಷರ ಮನೆಯಿಂದ ಎರಡು ಸಲ ಫೋನು ಬಂತು. ಅಂಗಡಿ ಹೋದರೆ ಎಲ್ಲಿಗೆ ಹೋಗುವುದೆಂದು ಹೆಂಡತಿ ಮೂರು ಸಲ ಫೋನು ಮಾಡಿದಳು. ಕೊನೆಗೆ ಗಂಜಿಯಣ್ಣ ಗಟ್ಟಿ ಮನಸ್ಸು ಮಾಡಿ, ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ನನಿಂದ ಏಣಿ ತಂದು ಮರದ ಪಕ್ಕದ ಕಂಬಕ್ಕೆ ಒರಗಿಸಿ ಹತ್ತಿಯೇ ಬಿಟ್ಟ. ಕಾವಲುಗಾರ ಕೂಗುವ ಮೊದಲೇ ಜನ ಕೂಗಿದರು. ಬೇಕಾದರೆ ಬೇರೆ ಎಷ್ಟು ಅಂಗಿಯನ್ನಾದರೂ ಕಿತ್ತುಕೋ, ಅದನ್ನು ಮಾತ್ರ ಮುಟ್ಟಬೇಡ ಎಂದು ಮೇಷ್ಟ್ರು ಏಣಿಯನ್ನು ಅಪ್ಪಿ ಹಿಡಿದರು. ಗಂಜಿಯಣ್ಣ ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಬರಲಾರದೆ ನಡು ಏಣಿಯಲ್ಲಿ ನೇತಾಡುತ್ತಿದ್ದಾಗ ಕಾರೊಂದು ಬಂದು ನಿಂತಿತು. ಕಲಾವಿದೆ ಇಳಿದಳು.

ಜನ ದಾರಿ ಬಿಟ್ಟರು. ಅವಳು ಮೇಲೆ ನೋಡಿದಳು. ಗಾಳಿ ಇನ್ನೂ ಬೀಸುತ್ತಿತ್ತು. ಬಗ್ಗದ ಅಂಗಿಯನ್ನು ಕಂಡು ಬಾಯಿಯ ಮೇಲೆ ಕೈಯಿಟ್ಟುಕೊಂಡು ನಿಂತವಳು, ಇದನ್ನು ಅಲ್ಲಿಟ್ಟವರು ಯಾರು ಎಂದು ಮೆಲ್ಲಗೆ ಕೇಳಿದಳು. ಊರಿಗೆ ಊರೇ ಏಣಿಯ ಕಡೆ ಬೆರಳು ಮಾಡಿತು.

ಗಂಜಿಯಣ್ಣ ಕೆಳಗಿಳಿದು ಕೈಮುಗಿದ. ಹಗ್ಗ ಬಿಚ್ಚಿದ್ದು, ಗಂಜಿ ಅದ್ದಿದ್ದು, ಮೂರು ಚುನಾವಣೆ, ನಾಲ್ಕು ಗಂಟೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅವಳಿಗೆ ಎಷ್ಟು ಅರ್ಥವಾಯಿತೋ, ಅವನ ಎರಡೂ ಕೈ ಹಿಡಿದುಕೊಂಡಳು. ಎರಡು ವರ್ಷದಿಂದ ಈ ಕೃತಿಯಲ್ಲಿ ಏನೋ ಕಮ್ಮಿಯಿದೆ ಎಂದು ನಿದ್ದೆ ಬಿಟ್ಟಿದ್ದಳಂತೆ. ಆ ಕಮ್ಮಿಯಿದ್ದದ್ದು ಇದೇ ಅಂತೆ. ಅಂಗಿಯನ್ನು ಮಾತ್ರ ಕೊಡುವುದು ಸಾಧ್ಯವೇ ಇಲ್ಲವೆಂದಳು.

"ಮೇಡಂ, ಅಂಗಿ ಕೊಡ್ದಿದ್ರೆ ನನ್ನ ಗೂಡು ಎತ್ತಂಗಡಿ ಆಗುತ್ತೆ. ಇಪ್ಪತ್ತಾರು ವರ್ಷ ಆಯ್ತು ಮೇಡಂ ಈ ಮರದ ಕೆಳಗೆ," ಎಂದ ಗಂಜಿಯಣ್ಣ. ಅವನಿಗೆ ನಿಜವಾಗಿಯೂ ಅಳು ಬಂದಿತ್ತು.

ಕಲಾವಿದೆ ಯೋಚಿಸಿ, ಅದೇ ಅಳತೆಯ ಬೇರೊಂದು ಅಂಗಿಯನ್ನು ಕ್ರೇನಿನಿಂದ ಇಳಿಸಿಕೊಟ್ಟಳು. ಮೂರು ಸಾವಿರದ ಲೆಕ್ಕ ಸರಿಹೋಯಿತೆಂದು ಕಾವಲುಗಾರನಿಗೆ ಸಮಾಧಾನವಾಯಿತು. ಗಂಜಿಯಣ್ಣನಿಗೆ ಆಗಲಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರ ಕರ್ಚೀಫನ್ನೂ ಇನ್ನೊಬ್ಬರಿಗೆ ಕೊಟ್ಟವನಲ್ಲ ಅವನು. ಆದರೆ ಗಡಿಯಾರ ಎರಡು ದಾಟಿತ್ತು. ಅಪ್ಪನನ್ನು ನೆನೆದು ಮನಸ್ಸಿನಲ್ಲೇ ಕ್ಷಮೆ ಕೇಳಿ, ಕಾಲರಿನ ಒಳಗೆ ಎರಡು ಚುಕ್ಕೆ, ಒಂದು ಬಾಲ ಬರೆದ. ಗಂಜಿಯಲ್ಲಿ ಅದ್ದಿದ, ಕೆಂಡದಂಥ ಇಸ್ತ್ರಿಯಲ್ಲೇ ಒಣಗಿಸಿದ, ಓಡಿದ. ನಾಲ್ಕಕ್ಕೆ ಐದು ನಿಮಿಷವಿರುವಾಗ ಅಧ್ಯಕ್ಷರು ಕಾಲರಿನ ಒಳಗೆ ನೋಡಿ, ಹ್ಞೂಂ ಎಂದು, ಅಂಗಿ ತೊಟ್ಟರು.

ಐದು ಗಂಟೆಗೆ ಉದ್ಘಾಟನೆ. ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಧ್ಯಕ್ಷರು ಎಂದಿಗಿಂತ ಚೆನ್ನಾಗಿ ಮಾತಾಡಿದರು. ಬಗ್ಗದ ಅಂಗಿಯತ್ತ ಕೈತೋರಿಸಿ, ತಾವೂ ಅದರಂತೆಯೇ, ಯಾವ ಗಾಳಿಗೂ ಬಗ್ಗಿದವರಲ್ಲ ಎಂದರು. ಮೈಮೇಲಿದ್ದ ಅಂಗಿಯನ್ನು ತಟ್ಟಿಕೊಂಡು, ಇದನ್ನು ತೊಟ್ಟಾಗಲೆಲ್ಲ ತಮಗೆ ಗೆಲುವೇ ಎಂದೂ ಹೇಳಿದರು. ಮುಂದಿನ ಸಾಲಿನಲ್ಲಿದ್ದ ಗಂಜಿಯಣ್ಣ ನೆಲ ನೋಡುತ್ತ ಕೂತಿದ್ದ.

ಆಮೇಲೆ ಕಲಾವಿದೆ ಮೈಕು ಹಿಡಿದಳು. ಈ ಕೃತಿಗೆ ಜೀವ ಬಂದದ್ದು ಮರದಡಿಯ ಆ ಪುಟ್ಟ ಗೂಡಿನಿಂದ, ಅದಿಲ್ಲದೆ ಇದು ಪೂರ್ಣವಾಗುವುದಿಲ್ಲ, ಅದರ ಒಂದು ಮೊಳೆಯೂ ಅಲುಗಬಾರದು ಎಂದಳು. ಅಧ್ಯಕ್ಷರು ಎದ್ದು ನಿಂತು, ಗೂಡನ್ನು ಇಲ್ಲಿಂದ ಯಾರೂ, ಯಾವ ಕಾಲಕ್ಕೂ ತೆಗೆಯುವಂತಿಲ್ಲ ಎಂದು ಅಲ್ಲೇ ಆಜ್ಞೆ ಮಾಡಿದರು. ಚಪ್ಪಾಳೆಗೆ ಮರದ ಹಕ್ಕಿಗಳೆಲ್ಲ ಹಾರಿಹೋದವು. ಮೇಷ್ಟ್ರು ಗಂಜಿಯಣ್ಣನನ್ನು ತಬ್ಬಿಕೊಂಡರು. ಬದುಕಿಕೊಂಡೆನಲ್ಲ ಎಂದು ಅವನು ಹೆಂಡತಿಗೆ ಫೋನು ಮಾಡಿ ಮಗುವಿನಂತೆ ಅತ್ತುಬಿಟ್ಟ.

ಬೆಳಗಿನಿಂದ ಒಂದು ತುತ್ತೂ ಹೊಟ್ಟೆಗೆ ಬಿದ್ದಿಲ್ಲವೆಂಬುದು ನೆನಪಾದದ್ದು ಆಗ. ಊಟದ ಡಬ್ಬಿ ಗೂಡಿನಲ್ಲೇ ಇತ್ತು. ಗುಂಪು ಕರಗಿದ ಮೇಲೆ ಹಗುರವಾದ ಮನಸ್ಸಿನಿಂದ ಅತ್ತ ನಡೆದ. ಗೂಡಿನ ಸುತ್ತ ನಾಲ್ಕು ಹಿತ್ತಾಳೆಯ ಕಂಬ ನೆಟ್ಟು ಕೆಂಪು ಹಗ್ಗ ಬಿಗಿದಿದ್ದರು. ಮುಂದೆ ಒಂದು ಫಲಕ: ಕಲಾಕೃತಿ, ಮುಟ್ಟಬಾರದು. ಫಲಕದ ಪಕ್ಕದಲ್ಲಿ ಕಾವಲುಗಾರ.

ಗಂಜಿಯಣ್ಣ ನಕ್ಕು, ಹಗ್ಗ ಎತ್ತಲು ಬಗ್ಗಿದ. ಕಾವಲುಗಾರ ಕೈ ಅಡ್ಡ ಹಿಡಿದ.

"ಗೂಡು ಒಂದು, ಇಸ್ತ್ರಿಪೆಟ್ಟಿಗೆ ಒಂದು, ಬಟ್ಟೆ ಹದಿನೇಳು, ಊಟದ ಡಬ್ಬಿ ಒಂದು ಅಂತ ಸಹಿ ಹಾಕಿದೀನಿ ಗಂಜಿಯಣ್ಣ. ಒಂದು ಒಳಗೆ ಬರೋ ಹಂಗಿಲ್ಲ, ಒಂದು ಹೊರಗೆ ಹೋಗೋ ಹಂಗಿಲ್ಲ."

"ಅಯ್ಯೋ, ಅಂಗಡಿ ನಂದಲ್ವೇನಪ್ಪಾ. ನಾಳೆ ಬೆಳಿಗ್ಗೆ ನಾನು ಎಲ್ಲಿ ನಿಂತು ಇಸ್ತ್ರಿ ಮಾಡ್ಲಿ?"

ಕಾವಲುಗಾರ ಜೇಬಿನಿಂದ ಕರಪತ್ರ ತೆಗೆದು ತೋರಿಸಿದ. "ಇದರ ಹೆಸರೇ ಗೈರುಹಾಜರಿ. ನೀವು ಒಳಗಿದ್ರೆ ಅದು ಹಾಜರಿ ಆಗ್ಬಿಡುತ್ತೆ. ಮೇಡಂ ಬಿಡಿಸಿ ಹೇಳಿ ಹೋಗಿದ್ದಾರೆ."

ಹದಿನೇಳು ಬಟ್ಟೆಗಳಲ್ಲಿ ತಮ್ಮ ಮೂರು ಪ್ಯಾಂಟುಗಳಿವೆಯೆಂದು ಮೇಷ್ಟ್ರಿಗೆ ಹೊಳೆದದ್ದು ಆಗ. ಅವರು ಏದುಸಿರು ಬಿಡುತ್ತ ಓಡಿಬಂದು, ಇದು ಹಗಲುದರೋಡೆ, ಎರಡು ಕೋಟಿಯಲ್ಲಿ ಎಷ್ಟು ಮೈಲಿ ಚರಂಡಿ ಆಗುತ್ತಿತ್ತು ಗೊತ್ತೇ ಎಂದು ಮೊದಲಿನಿಂದ ಶುರು ಮಾಡಿದರು. ಕಾವಲುಗಾರ ಅವರ ಮಾತು ಮುಗಿಯುವವರೆಗೆ ತಾಳ್ಮೆಯಿಂದ ಕಾದ.

"ನಾಳೆ ಹಾಕ್ಕೊಳ್ಳೋ ನನ್ನ ಸಮವಸ್ತ್ರಾನೂ ಅದರೊಳಗೇ ಇದೆ ಸಾರ್. ನಾನೇನಾದ್ರೂ ಕೇಳಿದ್ನಾ?"

ಗಂಜಿಯಣ್ಣ ಹಗ್ಗದಾಚೆ ನಿಂತು ತನ್ನ ಡಬ್ಬಿಯನ್ನೇ ನೋಡಿದ. ಅಷ್ಟರಲ್ಲಿ ಯಾವುದೋ ಬಡಾವಣೆಯಿಂದ ತಡವಾಗಿ ಬಂದ ಸಂಸಾರವೊಂದು ಅವನ ಪಕ್ಕದಲ್ಲಿ ನಿಂತಿತು. ಗಂಡ ಗೂಡನ್ನು ಮೇಲಿಂದ ಕೆಳಗೆ ನೋಡಿ, ಈ ಮುರುಕು ತಗಡಿಗೆ ಎಷ್ಟು ದುಡ್ಡು ಸುರಿದರೋ, ಇದನ್ನು ನೋಡೋದಕ್ಕೂ ಕೆಲಸವಿಲ್ಲದವರು ಬಂದು ನಿಲ್ಲುತ್ತಾರಲ್ಲ ಎಂದು ಗಂಜಿಯಣ್ಣನ ಕಡೆ ಕಣ್ಣು ಮಾಡಿ ಹೆಂಡತಿಗೆ ಹೇಳಿದ.

ಗಂಜಿಯಣ್ಣ ತುಸು ಪಕ್ಕಕ್ಕೆ ಸರಿದು, ಅವರಿಗೆ ಸರಿಯಾಗಿ ಕಾಣುವಂತೆ ಜಾಗ ಬಿಟ್ಟುಕೊಟ್ಟ.