ಕೊನೆಯ ಇಪ್ಪತ್ತು ನಿಮಿಷ

ಸಿಟ್ಟು ಬರುವಂಥ ಸಂಗತಿಗಳಿಗೆ ಈ ಊರಿನಲ್ಲಿ ಬರವಿಲ್ಲ. ಹೇರೋಹಳ್ಳಿ ರಸ್ತೆಯಲ್ಲಿ ಸ್ಕೂಟರ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನನಗೆ ಗುಂಡಿಗಳ ಮೇಲೆ ಅಂಥ ದ್ವೇಷವಿಲ್ಲ. ಅವು ಹೇಳದೆ ಕೇಳದೆ ಬಂದರೂ ಬೇಗ ಮುಗಿಯುತ್ತವೆ. ನನ್ನ ಸಿಟ್ಟೆಲ್ಲ, 'ಸಮಯದ ಅಭಾವದಿಂದ ಎರಡೇ ಮಾತು ಹೇಳಿ ಮುಗಿಸುತ್ತೇನೆ' ಎಂದು ಮೈಕ್ ಹಿಡಿಯುವವರ ಮೇಲೆ. ಹಾಗೆಂದು ಎರಡೇ ಮಾತು ಹೇಳಿ ಕೂತವರನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ.

ಮಲ್ಲತ್ತಹಳ್ಳಿ ಕೆರೆಯ ಹತ್ತಿರ ನಮ್ಮ ಬಡಾವಣೆಯವರದೇ ಒಂದು ಪುಟ್ಟ ಕಲಾಕೇಂದ್ರವಿದೆ. ತಿಂಗಳಿಗೊಂದು ಶನಿವಾರ ಅಲ್ಲಿ ಕಲಾತ್ಮಕ ಚಿತ್ರ ತೋರಿಸುತ್ತಾರೆ. ಎಲ್ಲವೂ ಹೊಸಬರು ಒದ್ದಾಡಿ ಮಾಡಿದ, ಥಿಯೇಟರಿನ ಬಾಗಿಲು ಕಾಣದ ಚಿತ್ರಗಳು. ನಾಲ್ಕು ಗಂಟೆ ಅಂದರೆ ನಾಲ್ಕಕ್ಕೇ ಶುರುವಾಗುತ್ತದೆ, ಚಿತ್ರವಲ್ಲ, ಪ್ರಾರ್ಥನೆ. ಆಮೇಲೆ ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ, ಹಾರ, ಶಾಲು, ಅಧ್ಯಕ್ಷರ ಭಾಷಣ. ಆರಕ್ಕೆ ಅದೇ ಹಾಲಿನಲ್ಲಿ ಮಕ್ಕಳ ಭರತನಾಟ್ಯ ತರಗತಿ. ನೃತ್ಯದ ಮೇಡಂ ಗಡಿಯಾರ ನೋಡಿಕೊಂಡು ಒಳಗೆ ಬಂದು ಲೈಟು ಹಾಕಿಬಿಡುತ್ತಾರೆ. ಅವರದೇನೂ ತಪ್ಪಿಲ್ಲ. ಹೀಗಾಗಿ ಎರಡು ವರ್ಷದಲ್ಲಿ ನಾನು ಒಂದೇ ಒಂದು ಚಿತ್ರದ ಕೊನೆಯನ್ನೂ ನೋಡಿಲ್ಲ. ಬೆಟ್ಟದ ಮೇಲಿನ ಒಂಟಿ ಮನೆಗೆ ಕಾಗದ ಕೊಡಲು ಹೊರಟ ಅಂಚೆಯವನು ನನ್ನ ಮಟ್ಟಿಗೆ ಇನ್ನೂ ಸೈಕಲ್ ತಳ್ಳುತ್ತಲೇ ಇದ್ದಾನೆ. ಇನ್ನೊಂದರಲ್ಲಿ ಗಂಡನ ಮೇಲೆ ಬೇಸರಗೊಂಡ ಹೆಂಗಸು ಟ್ರಂಕು ಹಿಡಿದು ಹೊಸಿಲ ಮೇಲೆ ನಿಂತಿದ್ದಳು. ಹೋದಳೋ ಇಲ್ಲವೋ ಎಂದು ನಾನು ಮೂರು ದಿನ ತಟ್ಟೆಯ ಮುಂದೆ ಕೂತು ಯೋಚಿಸಿದ್ದನ್ನು ಕಂಡು ನನ್ನ ಹೆಂಡತಿ ಸುಮಿತ್ರಾ, "ಬುದ್ಧಿ ಇದ್ರೆ ಹೋಗಿರ್ತಾಳೆ ಬಿಡಿ, ಸಾರು ಆರೋಗ್ತಾ ಇದೆ" ಎಂದಳು.

ತಡೆಯಲಾರದೆ ಅಧ್ಯಕ್ಷ ರುದ್ರಪ್ಪನವರಲ್ಲಿ ದೂರಿದೆ. ಅವರು ದಾವಣಗೆರೆ ಕಡೆಯ ನಿವೃತ್ತ ಇಂಜಿನಿಯರು. ಮೈಕು ಕೈಗೆ ಸಿಗುವ ತನಕ ಬಹಳ ಒಳ್ಳೆಯವರು.

"ಆರ್ಟ್ ಫಿಲಂಗೆ ಎಂಡಿಂಗ್ ಎಲ್ಲಿರ್ತೈತ್ರೀ? ನಾವೇ ಕಲ್ಪಿಸ್ಕೋಬೇಕು" ಎಂದು ನಕ್ಕರು.

ನನಗೆ ಮೈ ಉರಿದುಹೋಯಿತು. "ನಿಮ್ಮ ಭಾಷಣ ಬೇಕಾದ್ರೆ ನಾವು ಕಲ್ಪಿಸ್ಕೋತೀವಿ ಸಾರ್, ಫಿಲಂ ಪೂರ್ತಿ ತೋರಿಸಿ" ಎಂದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. "ಹಂಗಾದ್ರೆ ಮುಂದಿನ ತಿಂಗಳದ್ದು ನೀವೇ ನಡೆಸ್ರಿ" ಎಂದರು.

ಮುಂದಿನ ತಿಂಗಳದ್ದು ಚೈತ್ರಾ ಎಂಬ ಹುಡುಗಿಯ ಮೊದಲ ಚಿತ್ರ, ಒಂದು ಗಂಟೆ ಐವತ್ತು ನಿಮಿಷದ್ದು. ಅವಳೇ ಫೋನ್ ಮಾಡಿದಳು. "ಸಾರ್, ಒಂದೇ ರಿಕ್ವೆಸ್ಟ್. ಕೊನೇ ಇಪ್ಪತ್ತು ನಿಮಿಷ ಪೂರ್ತಿ ನಮ್ಮಮ್ಮಂದೇ ಪಾರ್ಟು. ಫೋನಲ್ಲಿ ನೋಡೋದು ಬೇಡ, ದೊಡ್ಡ ಪರದೆ ಮೇಲೇ ನೋಡು ಅಂತ ಅವ್ರಿಗೆ ಇನ್ನೂ ತೋರಿಸೇ ಇಲ್ಲ. ಪೂರ್ತಿ ಹಾಕ್ತೀರಾ?"

"ಕೊನೇ ಹೆಸರು ಬರೋ ತನಕ ಹಾಕ್ತೀನಮ್ಮ. ಇದು ನನ್ನ ಮಾತು" ಎಂದೆ.

ಆ ಶನಿವಾರ ಪ್ರಾರ್ಥನೆಯಿಲ್ಲ, ದೀಪವಿಲ್ಲ, ಹಾರವಿಲ್ಲ. ಮುಂದಿನ ಸಾಲಿನಲ್ಲಿ ಚೈತ್ರಾಳ ಪಕ್ಕ ಕೆಂಗೇರಿಯಿಂದ ಬಂದ ಅವಳ ತಾಯಿ ಸರೋಜಮ್ಮ, ಮದುವೆಗೆ ಉಡುವಂಥ ರೇಷ್ಮೆ ಸೀರೆ ಉಟ್ಟು ಕೂತಿದ್ದರು. ನಾಲ್ಕಕ್ಕೆ ಸರಿಯಾಗಿ ನಾನು ಮೈಕ್ ಹಿಡಿದೆ, ಇವತ್ತು ಭಾಷಣವಿಲ್ಲ ಎಂದು ತಿಳಿಸುವುದಕ್ಕಷ್ಟೇ. ಜನ ಚಪ್ಪಾಳೆ ತಟ್ಟಿದರು. ಯಾಕಿಲ್ಲ ಎಂದು ಹೇಳದಿದ್ದರೆ ಹೇಗೆ? ಹೇಳಿದೆ. ಆಗ ಅಂಚೆಯವನು ನೆನಪಾದ. ಅವನ ಹಿಂದೆ ಟ್ರಂಕಿನ ಹೆಂಗಸು ಬಂದಳು. ಜನ ನಕ್ಕರು. ಎದುರಿಗೆ ಜನ ನಗುತ್ತಿರುವಾಗ ನಿಲ್ಲಿಸುವುದಕ್ಕೆ ಯಾರಿಂದ ಸಾಧ್ಯ, ನೀವೇ ಹೇಳಿ. ಎರಡು ವರ್ಷದ ಸಿಟ್ಟು, ಕಟ್ಟೆ ಒಡೆದಂತೆ ಬಂತು. ಕಲಾವಿದರ ಶ್ರಮ, ಪ್ರೇಕ್ಷಕರ ಹಕ್ಕು, ಶಾಲಿನ ನಿರರ್ಥಕತೆ, ಒಂದನ್ನೂ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಸುಮಿತ್ರಾ ಕೈಗಡಿಯಾರವನ್ನು ತಟ್ಟಿ ತಟ್ಟಿ ತೋರಿಸುತ್ತಿದ್ದಳು. ಹೊತ್ತು ಹೋದದ್ದೇ ತಿಳಿಯಲಿಲ್ಲ ಎನ್ನುತ್ತಿದ್ದಾಳೆ ಎಂದುಕೊಂಡು ನಾನು ಇನ್ನಷ್ಟು ಉಬ್ಬಿದೆ. ಕೂತಾಗ ನಾಲ್ಕೂವರೆ.

ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಎಂದೋ ಮನೆ ಬಿಟ್ಟುಹೋದ ತಾಯಿಯನ್ನು ಹುಡುಕುತ್ತ ಮಗಳು ಊರೂರು ಅಲೆಯುತ್ತಾಳೆ. ಕೊನೆಗೆ ಒಂದು ಮನೆಯ ಕದ ತಟ್ಟಿದಳು. ಒಳಗೆ ಬಳೆಯ ಸದ್ದಾಯಿತು. ಸರೋಜಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಬಳೆಯ ಹಿಂದೆಯೇ ಗೆಜ್ಜೆಯ ಸದ್ದೂ ಕೇಳಿಸಿತು. ಲೈಟು ಹತ್ತಿತು.

"ಮೇಡಂ, ಇಪ್ಪತ್ತೇ ನಿಮಿಷ!" ಎಂದು ಕೈ ಮುಗಿದೆ.

"ಪ್ರತಿ ತಿಂಗಳೂ ನೀವೆಲ್ಲ ಇದೇ ಹೇಳ್ತೀರಲ್ಲ ಸಾರ್. ಮಕ್ಕಳು ನಿಂತಿದಾವೆ" ಎಂದರು ಅವರು.

ಹೊರಗೆ ಮೆಟ್ಟಿಲ ಮೇಲೆ ಚೈತ್ರಾ ಅಂಗೈಯಗಲದ ಫೋನಿನಲ್ಲಿ ತಾಯಿಗೆ ತಾಯಿಯನ್ನೇ ತೋರಿಸುತ್ತಿದ್ದಳು. ಸರೋಜಮ್ಮ ಕನ್ನಡಕ ಏರಿಸಿಕೊಂಡು, ಬಿಸಿಲಿಗೆ ಸೆರಗು ಅಡ್ಡ ಹಿಡಿದು ಬಗ್ಗಿ ನೋಡುತ್ತಿದ್ದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಚೈತ್ರಾ ನನ್ನ ಕಡೆ ನೋಡಲೇ ಇಲ್ಲ. ಸರೋಜಮ್ಮ ಮಾತ್ರ ಮುಖವೆತ್ತಿ, "ನೀವು ಹೇಳಿದ್ದು ನಿಜ ಸಾರ್. ಈ ಭಾಷಣಗಳನ್ನ ನಿಲ್ಲಿಸ್ಬೇಕು" ಎಂದರು. ಅದರಲ್ಲಿ ಕುಹಕದ ಒಂದೆಳೆಯೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ರುದ್ರಪ್ಪನವರು ಎಲ್ಲಿಂದಲೋ ಪ್ರತ್ಯಕ್ಷರಾಗಿ, "ನಾನೂ ಇಷ್ಟು ಚಂದ ಯಾವತ್ತೂ ಮಾತಾಡಿಲ್ಲ ಬಿಡ್ರಿ" ಎಂದು ಚೀಲದಿಂದ ಶಾಲು ತೆಗೆದು ನನಗೆ ಹೊದಿಸಿಯೇಬಿಟ್ಟರು. ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಯಾಕೆ ಬೇಡ ಎಂದು ಹೇಳಲು ಮತ್ತೆ ಎರಡು ಮಾತಾಡಬೇಕಾಗುತ್ತಿತ್ತು. ಸುಮಿತ್ರಾ ನನ್ನನ್ನೇ ನೋಡುತ್ತಿದ್ದಳು. ತೆಪ್ಪಗೆ ಹೊದ್ದುಕೊಂಡೆ.