ಋಣ ಕಳೆಯಲು ಹೋಗಿ

ಸಂಖ್ಯಾಶಾಸ್ತ್ರಕ್ಕೆ ಮಣ್ಣು ಮುಕ್ಕಿಸಿಯೇ ಬಿಡುತ್ತೇನೆಂದು ನಾನು ಭೀಷಣ ಪ್ರತಿಜ್ಞೆ ಮಾಡಿದ್ದು ಹಲ್ಲುಜ್ಜುತ್ತ, ಕನ್ನಡಿಯ ಮುಂದೆ. ಬಾಯಿ ತುಂಬ ನೊರೆಯಿದ್ದುದರಿಂದ ಪ್ರತಿಜ್ಞೆಯ ಅರ್ಧಭಾಗ ಕನ್ನಡಿಗೆ ಸಿಡಿಯಿತು. ಉಳಿದರ್ಧ ಮಾತ್ರ ಗಟ್ಟಿಯಾಗಿತ್ತು. "ಏನು ಮಹಾ! ಕೂಡಿಸೋದು, ಭಾಗಿಸೋದು, ನಡುನಡುವೆ ಯಾರಿಗೂ ತಿಳಿಯದ ಅಕ್ಷರ ಒಂದೆರಡು ಬರೆಯೋದು! ಇಷ್ಟಕ್ಕೆ ಇಷ್ಟು ಜಂಬವಾ?" ಎಂದು ಗುಡುಗಿದೆ. ಮನೆಯಲ್ಲಿ ಕೇಳುವವರು ಯಾರೂ ಇರಲಿಲ್ಲ. ಇದ್ದಿದ್ದರೆ ಈ ಪ್ರತಿಜ್ಞೆಯ ಅಗತ್ಯವೇ ಬೀಳುತ್ತಿರಲಿಲ್ಲ.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಯಾವ ಕಾಯಿಲೆ ಎಲ್ಲಿ, ಎಷ್ಟು, ಹೇಗೆ ಹರಡುತ್ತದೆ ಎಂದು ಲೆಕ್ಕ ಹಾಕುವ ವಿದ್ಯೆ ಕಲಿತು ಬಾ ಎಂದು ಆಸ್ಪತ್ರೆಯವರು ಅವಳನ್ನು ದೂರದ ಊರಿನ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದರು. "ಎರಡು ವರ್ಷ ತಾನೇ? ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಗಿದುಹೋಗುತ್ತೆ" ಅಂದು ಹೋದಳು. ಅಂದಿನಿಂದ ನಾನು ಎಷ್ಟೋ ಸಲ ಕಣ್ಣು ಮುಚ್ಚಿ ತೆಗೆದಿದ್ದೇನೆ. ಪ್ರತಿ ಸಲವೂ ಎದುರಿಗೆ ಅದೇ ಖಾಲಿ ಕುರ್ಚಿ! ಮೊದಲೆಲ್ಲ ಪತ್ರಿಕೆಯನ್ನು ಹರಿದು ಹಂಚಿಕೊಂಡು ಓದುತ್ತಿದ್ದೆವು. ಈಗ ಇಡೀ ಪತ್ರಿಕೆ ನನ್ನೊಬ್ಬನದೇ. ಹಳೇ ಸೋಫಾ ಮಾರಾಟಕ್ಕಿದೆ ಎಂಬ ಜಾಹೀರಾತನ್ನೂ ಬಿಡದೆ ಓದಿದರೂ ಬೆಳಗು ಮುಗಿಯುತ್ತಿರಲಿಲ್ಲ.

ಸಂಜೆ ಅವಳ ಫೋನು ಬರುತ್ತಿತ್ತು. ಮೊದಮೊದಲು ನಾನು ಪ್ರೆಸ್ಸಿನ ಸುದ್ದಿ ಹೇಳುತ್ತಿದ್ದೆ. ಅಚ್ಚಿಗೆ ಹೋಗುವ ಮುನ್ನ ಕರಡು ತಿದ್ದುವುದು ನನ್ನ ಕಸುಬು. 'ಅಧ್ಯಕ್ಷರ ಭಾಷಣ' ಎಂಬುದು 'ಅಧ್ಯಕ್ಷರ ಭೀಷಣ' ಆಗಿ ಬಂದಿದ್ದು, ಮದುವೆಯ ಕರೆಯೋಲೆಯಲ್ಲಿ 'ವಧೂವರರನ್ನು ಹರಸಿ' ಎನ್ನುವ ಬದಲು 'ವಧೂವರರನ್ನು ಅರಸಿ' ಎಂದು ಬಿದ್ದು, ಬಂಧುಬಳಗವೆಲ್ಲ ಹುಡುಕಾಟಕ್ಕೆ ಹೊರಡಬೇಕಾಗಿದ್ದನ್ನು ನಾನು ತಡೆದದ್ದು, ಇಂಥವೇ. ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಆಮೇಲಾಮೇಲೆ ಅವಳ ದನಿಯಲ್ಲಿ ದಣಿವು ಹೆಚ್ಚಿತು. ಮಾತು ಸವೆಯಿತು.

"ಮತ್ತೇನು?"

"ಏನಿಲ್ಲ. ನಿಂದೇನು?"

"ನಂದೂ ಏನಿಲ್ಲ."

ಒಂದು ಸಂಜೆ ನಾನೇ ಧೈರ್ಯ ಮಾಡಿ ಕೇಳಿದೆ, "ಇವತ್ತೇನು ಪಾಠ ಆಯ್ತು?"

"ಪ್ರಮಾಣಿತ ವಿಚಲನೆ."

"ಹಾಗಂದ್ರೆ?"

ಆ ಕಡೆಯಿಂದ ಒಂದು ನಿಟ್ಟುಸಿರು. "ಬಿಡಿ ರೀ, ನಿಮಗ್ಯಾಕೆ ಆ ತಲೆನೋವು!"

ಆ 'ಬಿಡಿ' ನನಗೆ ನಾಟಿತು. ಇವಳು ನಾನು ಕಾಲಿಡಲಾಗದ ಯಾವುದೋ ದೇಶಕ್ಕೆ ಹೊರಟುಹೋಗುತ್ತಿದ್ದಾಳೆ, ನಾನು ದಡದಲ್ಲಿ ಕರವಸ್ತ್ರ ಬೀಸುತ್ತ ನಿಂತಿದ್ದೇನೆ ಅನ್ನಿಸಿತು. ಮರುದಿನವೇ ಕನ್ನಡಿಯ ಮುಂದಿನ ಪ್ರತಿಜ್ಞೆ!

ಪ್ರೆಸ್ಸಿನಲ್ಲಿ ಪುಟ ಕಟ್ಟುವ ಮೇಡಮ್ಮಿಗೆ ವಿಷಯ ಹೇಳಿದೆ. ಆಕೆ ಕನ್ನಡಕ ಕೆಳಗಿಳಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಸಂಖ್ಯಾಶಾಸ್ತ್ರ? ನೀವಾ? ಬಸ್ಸನ್ನ ನಂಬರ್ ಬಿಟ್ಟು ಬಣ್ಣ ನೋಡಿ ಹತ್ತೋರು ನೀವು!"

"ಅದು ಹಳೇ ನಾನು. ಇನ್ನು ಮುಂದೆ ನೋಡ್ತಿರಿ!"

"ನೋಡ್ತೀನಿ. ನೋಡದೆ ಇರೋಕಾಗುತ್ತಾ!"

ಗ್ರಂಥಾಲಯದ ಮಹಡಿಯಲ್ಲಿ ದೊಡ್ಡವರಿಗಾಗಿ ಸಂಜೆ ತರಗತಿ ನಡೆಯುತ್ತಿತ್ತು. ಪಾಠ ಹೇಳುವವಳು ನನ್ನ ಅರ್ಧ ವಯಸ್ಸಿನ ಟೀಚರು. ನಾನು ಎದೆ ಸೆಟೆಸಿ ನೇರ ವಿಷಯಕ್ಕೆ ಬಂದೆ. "ನನಗೆ ಪ್ರಮಾಣಿತ ವಿಚಲನೆ ಬೇಕು. ಸ್ವಲ್ಪ ಬೇಗ."

"ಆಗಲಿ ಸಾರ್. ಅದಕ್ಕೂ ಮುಂಚೆ ಭಿನ್ನರಾಶಿ, ದಶಮಾಂಶ, ಋಣ ಸಂಖ್ಯೆ, ವರ್ಗ, ವರ್ಗಮೂಲ ಇಷ್ಟು ಗಟ್ಟಿಯಾಗಿರ್ಬೇಕು."

"ಭಿನ್ನರಾಶಿಯೇ! ಅಮ್ಮಾ, ನನಗೂ ನನ್ನ ಹೆಂಡತಿಗೂ ಭಿನ್ನಾಭಿಪ್ರಾಯವೇ ಇಲ್ಲ. ಇನ್ನು ಭಿನ್ನರಾಶಿ ಎಲ್ಲಿಂದ ಬಂತು?"

ಯಾರೂ ನಗಲಿಲ್ಲ. ಟೀಚರ್ ಹಲಗೆಯ ಮೇಲೆ ಬರೆದಳು: ಅರ್ಧ, ಕೂಡಿಸು, ಮೂರನೇ ಒಂದು. ನಾನು ಮೇಲಿನ ಒಂದಕ್ಕೆ ಒಂದು ಕೂಡಿಸಿ, ಕೆಳಗಿನ ಎರಡಕ್ಕೆ ಮೂರು ಕೂಡಿಸಿ, ಮಿಂಚಿನ ವೇಗದಲ್ಲಿ "ಐದನೇ ಎರಡು!" ಎಂದು ಘೋಷಿಸಿದೆ.

"ಸಾರ್, ಅರ್ಧ ಲೋಟ ನೀರಿಗೆ ಇನ್ನಷ್ಟು ನೀರು ಹಾಕಿದ್ರಿ. ಅದು ಅರ್ಧಕ್ಕಿಂತ ಕಮ್ಮಿ ಆಗೋಯ್ತಾ?"

ಈಗ ಎಲ್ಲರೂ ನಕ್ಕರು. ನನ್ನ ಪಕ್ಕದ ಬೆಂಚು ಖಾಲಿಯಿತ್ತು. ಅದೊಂದೇ ನಗಲಿಲ್ಲ.

ಆದರೂ ಹಟ ಬಿಡಲಿಲ್ಲ. ಭಿನ್ನರಾಶಿ ನನ್ನನ್ನು ಛೇದ ಮಾಡಿತು, ದಶಮಾಂಶದ ಚುಕ್ಕಿ ಓಡಾಡಿಸಿತು. ಚುಕ್ಕಿ ಹಿಡಿಯುವುದೇ ಕಸುಬಾದ ನನಗೆ ಆ ಚುಕ್ಕಿ ಮಾತ್ರ ಕೈಗೆ ಸಿಗುತ್ತಿರಲಿಲ್ಲ! ಕ್ರಮೇಣ ಒಂದಿಷ್ಟು ತಲೆಗೆ ಹತ್ತಿತು. ಸರಾಸರಿಯಿಂದ ಯಾರು ಎಷ್ಟು ದೂರ ಇದ್ದಾರೆ ಅನ್ನೋದೇ ವಿಚಲನೆ, ಕೆಲವರು ಮೇಲಿರ್ತಾರೆ, ಕೆಲವರು ಕೆಳಗಿರ್ತಾರೆ, ಅದಕ್ಕೇ ಋಣ ಸಂಖ್ಯೆ ಬೇಕು ಎಂದು ಟೀಚರ್ ಹೇಳಿದಳು. "ಆದ್ರೆ ಬರೀ ದೂರ ಅಂತ ಕೇಳಿದ್ರೆ ಅದಕ್ಕೆ ಋಣ ಚಿಹ್ನೆ ಇಲ್ಲ. ಆ ಕಡೆ ನಿಂತು ಅಳೆದ್ರೂ, ಈ ಕಡೆ ನಿಂತು ಅಳೆದ್ರೂ ಅಷ್ಟೇ ದೂರ." ಆ ಮಾತನ್ನು ನಾನು ಪುಸ್ತಕದಲ್ಲಿ ಎರಡೆರಡು ಸಲ ಬರೆದುಕೊಂಡೆ.

ಕಲಿತದ್ದನ್ನೆಲ್ಲ ಸಂಜೆ ಸಂಜೆಯೇ ಹೆಂಡತಿಗೆ ಒಪ್ಪಿಸತೊಡಗಿದೆ.

"ಇವತ್ತು ಛೇದ ಸಮ ಮಾಡೋದು ಕಲಿತೆ! ಒಂದು ಲೆಕ್ಕ ಹೇಳ್ಲಾ?"

"ಹೂಂ…"

"ವರ್ಗಮೂಲ ಅಂದ್ರೆ ಗೊತ್ತಾ ನಿಂಗೆ?"

"ಗೊತ್ತು."

"ಎಲ್ಲಿ, ಹೇಳು ನೋಡೋಣ!"

"ರೀ, ನಂಗೆ ನಿದ್ದೆ ಬರ್ತಿದೆ."

ಸೂರ್ಯ ಇನ್ನೂ ಮುಳುಗಿರುತ್ತಿರಲಿಲ್ಲ! ನನ್ನ ಗಣಿತ ಬೆಳೆದಷ್ಟೂ ಫೋನು ಚಿಕ್ಕದಾಯಿತು. ಇನ್ನೂ ಹೆಚ್ಚು ಕಲಿಯಬೇಕು, ಆಗ ಸರಿಹೋಗುತ್ತದೆ ಎಂದು ನಾನು ತೀರ್ಮಾನಿಸಿದೆ. ಮೂರ್ಖತನವನ್ನು ವರ್ಗ ಮಾಡುವುದು ಹೇಗೆಂದು ಯಾರಿಗಾದರೂ ತಿಳಿಯಬೇಕಿದ್ದರೆ ನನ್ನನ್ನು ಕೇಳಬಹುದು.

ಋಣ ಸಂಖ್ಯೆಯನ್ನು ಕಳೆದರೆ ಉತ್ತರ ಯಾಕೆ ಹೆಚ್ಚಾಗುತ್ತದೆ ಎಂಬುದು ಮಾತ್ರ ನನ್ನ ತಲೆಗೆ ಹತ್ತಲೇ ಇಲ್ಲ. ಟೀಚರ್ ಉಪಾಯ ಹೇಳಿದಳು. "ನೆಲದ ಮೇಲೆ ಸಂಖ್ಯಾರೇಖೆ ಬರೆದು ನಡೆದು ನೋಡಿ ಸಾರ್. ಕಳೆಯೋದು ಅಂದ್ರೆ ಮುಖ ಋಣದ ಕಡೆ ತಿರುಗಿಸಿ. ಋಣ ಸಂಖ್ಯೆ ಅಂದ್ರೆ ಹಿಮ್ಮುಖವಾಗಿ ನಡೀರಿ. ಎಲ್ಲಿಗೆ ಮುಟ್ತೀರೋ ಅದೇ ಉತ್ತರ."

ಒಂದು ಭಾನುವಾರ, ಇಳಿಹೊತ್ತು. ಮನೆಯೊಳಗಿನ ಉದ್ದನೆಯ ಓಣಿಯಲ್ಲಿ ಸೀಮೆಸುಣ್ಣದಿಂದ ರೇಖೆ ಎಳೆದೆ. ನಡುವೆ ಸೊನ್ನೆ. ಬಚ್ಚಲುಮನೆಯ ಕಡೆಗೆ ಋಣ, ಮುಂಬಾಗಿಲ ಕಡೆಗೆ ಧನ. ಸೆಖೆಯೆಂದು ಮುಂಬಾಗಿಲು ತೆರೆದಿದ್ದೆ. ಮೈಮೇಲೆ ತೂತುಬಿದ್ದ ಬನಿಯನ್ನು, ಮೊಣಕಾಲುದ್ದದ ಚಡ್ಡಿ. ಲೆಕ್ಕ: ಮೂರರಿಂದ ಋಣ ನಾಲ್ಕನ್ನು ಕಳೆಯಿರಿ. ಮೂರರ ಮೇಲೆ ನಿಂತೆ. ಬಚ್ಚಲಿಗೆ ಮುಖ ಮಾಡಿದೆ. ಮಹಾಸೇನಾನಿಯಂತೆ ಹಿಂದಕ್ಕೆ ಹೆಜ್ಜೆ ಹಾಕಿದೆ. ನಾಲ್ಕು, ಐದು, ಆರು… ಏಳು!

ಏಳು ಹೊಸ್ತಿಲಿನಾಚೆ ಇತ್ತು. ಗಾಳಿ ಬೀಸಿತು. ಬಾಗಿಲು ದಢಾರನೆ ಮುಚ್ಚಿಕೊಂಡು ಬೀಗ ತಾನೇ ತಾನಾಗಿ ಬಿತ್ತು. ಉತ್ತರ ಸರಿ, ನಾನು ಹೊರಗೆ!

ಕೀಲಿ ಒಳಗೆ. ಇನ್ನೊಂದು ಕೀಲಿ ಹೆಂಡತಿಯ ಕೈಚೀಲದಲ್ಲಿ, ದೂರದ ಊರಿನಲ್ಲಿ. ಏನು ಮಾಡಲೆಂದು ಬಾಗಿಲಿಗೆ ಹಣೆ ಹಚ್ಚಿ ನಿಂತಿರುವಾಗಲೇ ಒಳಗೆ ಫೋನು ಬಡಿದುಕೊಳ್ಳತೊಡಗಿತು. ಅವಳದೇ! ಆ ಹೊತ್ತಿಗೆ ನನಗೆ ಫೋನು ಮಾಡುವವರು ಜಗತ್ತಿನಲ್ಲಿ ಇನ್ನಾರೂ ಇರಲಿಲ್ಲ.

"ಇದ್ದೀನಿ ಕಣೇ! ಇಲ್ಲೇ ಇದ್ದೀನಿ!" ಎಂದು ಬಾಗಿಲಿಗೆ ಕೂಗಿದೆ. ಫೋನು ನಿಂತಿತು. ಮತ್ತೆ ಬಡಿಯಿತು. ಮತ್ತೆ ನಿಂತಿತು. ಒಂದು ಹಲಗೆಯ ದಪ್ಪದಷ್ಟೇ ಅಂತರ, ಆದರೂ ಮುಟ್ಟಲಾಗದು. ಅಷ್ಟು ತಿಂಗಳಲ್ಲಿ ಅವಳು ನನಗೆ ಒಂದೇ ಸಂಜೆ ಅಷ್ಟು ಸಲ ಫೋನು ಮಾಡಿರಲೇ ಇಲ್ಲ!

ಗಲಾಟೆ ಕೇಳಿ ಕೆಳಗಿನ ಮನೆಯ ಹಲ್ಲಿನ ಡಾಕ್ಟರು ಮೇಲೆ ಬಂದರು. ಹಿಂದೆ ಮನೆ, ಮುಂದೆ ಕ್ಲಿನಿಕ್ಕು ಮಾಡಿಕೊಂಡು ಇತ್ತೀಚೆಗೆ ಬಂದ ಒಂಟಿ ಮನುಷ್ಯ. ಅದುವರೆಗೆ ನಮ್ಮ ನಡುವೆ ತಲೆಯಾಡಿಸುವಷ್ಟೇ ಪರಿಚಯ.

"ಹೊರಗೆ ಹೇಗೆ ಬಂದ್ರಿ?"

"ಲೆಕ್ಕ ಮಾಡ್ತಾ."

ಅವರು ಅದರ ವಿವರಣೆ ಕೇಳಲಿಲ್ಲ, ತಮ್ಮ ಫೋನು ಮುಂದೆ ಹಿಡಿದರು. "ಮನೆಯವರಿಗೆ ಮಾಡಿ ಮೊದ್ಲು. ಗಾಬರಿ ಆಗಿರ್ತಾರೆ."

ನಾನು ಫೋನು ತೆಗೆದುಕೊಂಡೆ. ಬೆರಳು ಗಾಳಿಯಲ್ಲಿ ನಿಂತಿತು.

"ಯಾಕೆ?"

"ನಂಬರು… ನನ್ನ ಫೋನಲ್ಲಿದೆ."

"ಆಫೀಸಿನವ್ರದ್ದು?"

"ಅದೂ ಅಲ್ಲೇ."

ಡಾಕ್ಟರು ನನ್ನನ್ನು ನೋಡಿದ ನೋಟದಲ್ಲಿ ಬೇರು ಸಮೇತ ಕಿತ್ತುಹಾಕಬೇಕಾದ ಹಲ್ಲನ್ನು ಕಂಡಾಗಿನ ಮರುಕವಿತ್ತು. ಭಾನುವಾರವಾದ್ದರಿಂದ ಬೀಗದ ಅಂಗಡಿ ಮುಚ್ಚಿತ್ತು. "ನಾನೇ ನೋಡ್ತೀನಿ" ಎಂದು ಕೆಳಗೆ ಹೋಗಿ ತಮ್ಮ ಮೊನಚು ಸಲಕರಣೆಗಳನ್ನೆಲ್ಲ ತಂದರು. ಬೀಗಕ್ಕೆ ಟಾರ್ಚು ಬಿಟ್ಟು, ಇಣುಕಿ, ತಟ್ಟಿ, "ಇಲ್ಲಿ ನೋವಿದೆಯಾ?" ಎನ್ನುವುದೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿದರು. ಕೊನೆಗೆ 'ಟಕ್' ಎಂದಿತು.

"ತೆರೀತಾ?" ಎಂದೆ.

"ಇಲ್ಲ. ನನ್ನ ಕಡ್ಡಿ ಮುರೀತು. ಒಳಗೇ ಉಳಕೊಂಡಿದೆ."

ಅಂದು ನನ್ನ ಮಂಚ ಡಾಕ್ಟರ ಕ್ಲಿನಿಕ್ಕಿನ ಕುರ್ಚಿ. ಅದನ್ನು ಮಲಗುವ ಹಾಗೆ ಮಾಡಬಹುದು, ಆದರೆ ಮಲಗಿದವನು ತನ್ನಷ್ಟಕ್ಕೆ ತಾನೇ ಬಾಯಿ ತೆರೆದುಬಿಡುತ್ತಾನೆ.

ಬೆಳಿಗ್ಗೆ ಮೆಟ್ಟಿಲಿನಲ್ಲಿ ಧಡಧಡ ಸದ್ದು. ಹೆಂಡತಿ! ತಲೆ ಕೆದರಿತ್ತು, ಕಣ್ಣು ಕೆಂಪಾಗಿತ್ತು, ಕೀಲಿ ಕೈಯಲ್ಲೇ ಇತ್ತು. ಸಿಕ್ಕ ಬಸ್ಸು ಹತ್ತಿ ಬಂದಿದ್ದಳು. ನನ್ನನ್ನು ಬನಿಯನ್ನಿನಲ್ಲಿ ಕಂಡವಳೇ ಗೋಡೆಗೆ ಒರಗಿದಳು.

"ಬದುಕಿದ್ದೀರಾ!"

"ಏಳರ ಮೇಲೆ ನಿಂತೆ, ಅಷ್ಟೇ ಕಣೇ…"

ನಾನು ನಡೆದದ್ದನ್ನೆಲ್ಲ ಹೇಳಿದೆ. ಕೀಲಿ ಬೀಗಕ್ಕೆ ಹೋಗಲಿಲ್ಲ, ಮುರಿದ ಕಡ್ಡಿ ದಾರಿ ಬಿಡಲಿಲ್ಲ. ಬೀಗದವನು ಬರುವತನಕ ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಅಷ್ಟು ಹತ್ತಿರ ಕೂತು ಎಷ್ಟು ಕಾಲವಾಗಿತ್ತೋ!

"ನಿಂಗೋಸ್ಕರಾನೇ ಕಲೀತಿದ್ದೆ" ಎಂದೆ. "ನಿನ್ನ ಪಾಠ ನಂಗೂ ಅರ್ಥ ಆದ್ರೆ ಮಾತಾಡೋಕೆ ಏನಾದ್ರೂ ಇರುತ್ತೆ ಅಂತ."

ಅವಳು ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. "ಅಯ್ಯೋ ರೀ! ಬೆಳಗಿಂದ ಸಂಜೆವರೆಗೆ ಅದೇ ನಂಗೆ. ಪಕ್ಕದಲ್ಲಿ ಕೂರೋ ಹುಡುಗೀರೆಲ್ಲ ನನ್ನನ್ನ ಆಂಟಿ ಅಂತಾರೆ, ಊಟಕ್ಕೆ ಕರೆಯಲ್ಲ. ಸಂಜೆ ಆದ್ರೆ ಸಾಕು, ನಿಮಗೆ ಫೋನ್ ಮಾಡಿ ಆ ಪ್ರೆಸ್ಸಿನ ತಪ್ಪುಗಳನ್ನ ಕೇಳಿ ನಗೋಣ ಅಂತ ಕಾಯ್ತಾ ಇದ್ರೆ, ನೀವು ವರ್ಗಮೂಲ ಕೇಳ್ತೀರಲ್ಲ!"

ನಾನು ಬನಿಯನ್ನಿನ ತೂತಿಗೆ ಬೆರಳು ತೂರಿಸುತ್ತ ಕೂತೆ.

"ಇನ್ನೊಂದು," ಎಂದಳು ಕಣ್ಣೊರೆಸಿಕೊಂಡು. "ಇಷ್ಟೆಲ್ಲ ಅಂಕಿ ಕಲಿತ್ರಲ್ಲ, ಕಟ್ಟಿಕೊಂಡವಳ ನಂಬರೊಂದು ಬಾಯಿಗೆ ಬರಲ್ವಾ?"

ಬೀಗದವನು ಬರುವವರೆಗೂ ಅವಳ ನಂಬರನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಅವಳು ಸಂಜೆಯ ಬಸ್ಸಿಗೆ ಹೊರಟುಹೋದಳು. ಮನೆ ಮತ್ತೆ ಮೊದಲಿನ ಹಾಗೆ ಗವ್ವೆಂದಿತು.

ಮರುದಿನ ಪ್ರೆಸ್ಸಿನ ಫೋನಿನಿಂದ, ಎಲ್ಲೂ ನೋಡದೆ, ಬರೀ ನೆನಪಿನಿಂದ ಅವಳ ನಂಬರು ಒತ್ತಿದೆ. ಪುಟ ಕಟ್ಟುವ ಮೇಡಮ್ಮು ಬಾಯಿ ತೆರೆದು ನೋಡುತ್ತಿದ್ದರು. ಹೆಮ್ಮೆಯಿಂದ ಎದೆ ಉಬ್ಬಿತು!

"ಹಲೋ" ಎಂದಿತು, ಒಂದು ಮುದಿ ಗಂಡುದನಿ.

"ಯಾರ್ರೀ ನೀವು? ನನ್ನ ಹೆಂಡತಿ ಫೋನು ನಿಮ್ಮ ಕೈಗೆ ಹೇಗೆ ಬಂತು?"

"ಓ, ನೀವಾ! ನಿನ್ನೆಯಿಂದ ಕಾಯ್ತಾ ಇದ್ದೆ."

"ಕಾಯ್ತಾ ಇದ್ರಾ?"

"ಕೊನೇ ಎರಡು ಅಂಕಿ ತಿರುವುಮುರುವು ಮಾಡಿದ್ದೀರಿ ಸ್ವಾಮಿ. ನಿಮ್ಮ ಮನೆಯವರು ಬಸ್ಸಿನಿಂದಲೇ ನಂಗೆ ಫೋನ್ ಮಾಡಿದ್ರು. ಹೀಗ್ಹೀಗೆ, ನಮ್ಮ ಯಜಮಾನರು ಮೆಟ್ಟಿಲ ಮೇಲೆ ಒಪ್ಪಿಸುವಾಗಲೇ ತಪ್ಪು ಹೇಳ್ತಿದ್ರು, ಬೇಜಾರು ಮಾಡ್ಕೊಳ್ತಾರೆ ಅಂತ ನಾನು ತಿದ್ದಲಿಲ್ಲ, ಖಂಡಿತ ನಿಮಗೇ ಮಾಡ್ತಾರೆ, ಬೈಬೇಡಿ ಅಂದ್ರು."

ನನ್ನ ಕಿವಿ ಬಿಸಿಯಾಯಿತು. ಮೇಡಮ್ಮಿನ ಕಡೆಗೆ ಬೆನ್ನು ತಿರುಗಿಸಿದೆ.

"ಇನ್ನೊಂದು ಹೇಳಿದ್ರು. ಊಟ ಆಯ್ತಾ ಅಂತ ಕೇಳ್ಬೇಕಂತೆ. ಆಯ್ತಾ?"

"ಇಲ್ಲ" ಎಂದೆ ಸಣ್ಣಗೆ. "ನಿಮ್ದು?"

"ಎಲ್ಲಿ, ಒಬ್ಬನಿಗೋಸ್ಕರ ಒಲೆ ಹಚ್ಚೋಕೆ ಮನಸ್ಸೇ ಬರಲ್ಲ." ಆಮೇಲೆ ಮುದುಕರು ಗಂಟಲು ಸರಿಮಾಡಿಕೊಂಡರು. "ಆ ಎರಡು ಅಂಕಿ ಕಲಿಯೋಕೆ ಅವಸರ ಏನಿಲ್ಲ ಸ್ವಾಮಿ. ನಿಧಾನಕ್ಕೆ ಕಲೀರಿ."